ಔಟ್‌ಬೋರ್ಡ್ ಬೋಟಿನ ಬ್ಯಾಟರಿ ಚಾರ್ಜ್ ಆಗ್ತಿಲ್ವಾ? ಮೀಟರ್ ಹಿಡಿದು ಹೀಗೆ ಹುಡುಕಿ

"ಬೆಳಿಗ್ಗೆ ಸೆಲ್ಫ್ ಒತ್ತಿದರೆ ಟಕ್ ಅನ್ನುತ್ತೆ, ಎಂಜಿನ್ ತಿರುಗಲ್ಲ. ಬ್ಯಾಟರಿ ಹೊಸದು. ರೆಗ್ಯುಲೇಟರ್ ಹೋಗಿದೆಯಾ?" ಶರಾವತಿ ಹಿನ್ನೀರಿನಲ್ಲಿ ಬೋಟ್ ಇಟ್ಟವರು ಕೇಳುವುದು ಇದನ್ನೇ. ಗಾಜನೂರಿನ ತುಂಗಾ ಹಿನ್ನೀರಿನವರೂ ಲಕ್ಕವಳ್ಳಿಯ ಭದ್ರಾ ಕಡೆಯವರೂ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ. ಅದಕ್ಕೇ ಒಂದು ಸಲ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ: ಅಳತೆ ಮಾಡದೆ ರೆಗ್ಯುಲೇಟರ್ ತರಿಸಬೇಡಿ. ಔಟ್‌ಬೋರ್ಡ್ ಎಂಜಿನ್ನಿನ (ಬೋಟಿನ ಹಿಂಬದಿಗೆ ಸಿಕ್ಕಿಸುವ ಎಂಜಿನ್) ಭಾಗಗಳು ದುಬಾರಿ, ನಮ್ಮ ಕಡೆಗೆ ಬಂದು ತಲುಪುವುದಕ್ಕೂ ದಿನ ಹಿಡಿಯುತ್ತದೆ. ಹಾಕಿ ನೋಡಿದ ಎಲೆಕ್ಟ್ರಿಕಲ್ ಸಾಮಾನನ್ನು ಅಂಗಡಿಯವರು ಸಾಮಾನ್ಯವಾಗಿ ವಾಪಸ್ ತಗೊಳ್ಳುವುದಿಲ್ಲ. ತೊಂದರೆ ಹೆಚ್ಚಾಗಿ ಇರುವುದು ಬ್ಯಾಟರಿಯಲ್ಲಿ, ವೈರಿನ ತುದಿಯಲ್ಲಿ, ಇಲ್ಲವೇ ನಾವು ಬೋಟ್ ಓಡಿಸುವ ರೀತಿಯಲ್ಲಿ. ಅದಕ್ಕೆ ಹುಡುಕಾಟ ಬ್ಯಾಟರಿಯಿಂದ ಶುರುವಾಗಿ ಎಂಜಿನ್ ಕಡೆಗೆ ಹೋಗಬೇಕು. ಖರ್ಚಿಲ್ಲದ ಪರೀಕ್ಷೆಗಳು ಮೊದಲು.

ಚಾರ್ಜಿಂಗ್ ಹೇಗೆ ನಡೆಯುತ್ತದೆ

ಎಂಜಿನ್ನಿನ ತಲೆಯ ಮೇಲೆ ಫ್ಲೈವೀಲ್ ಇದೆ, ಅಂದರೆ ಭಾರದ ಚಕ್ರ. ಅದರ ಒಳಬದಿಗೆ ಅಯಸ್ಕಾಂತಗಳು ಅಂಟಿಕೊಂಡಿರುತ್ತವೆ. ಅದರ ಕೆಳಗೆ ಅಲುಗಾಡದೆ ಕೂತ ತಾಮ್ರದ ಸುರುಳಿಗಳೇ ಸ್ಟೇಟರ್. ಬೈಕ್ ಮೆಕ್ಯಾನಿಕ್‌ಗಳು ಮ್ಯಾಗ್ನೆಟ್ ಕಾಯಿಲ್ ಅನ್ನುತ್ತಾರಲ್ಲ, ಅದೇ. ಚಕ್ರ ತಿರುಗಿದಾಗ ಸ್ಟೇಟರಿನಲ್ಲಿ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಲೇ ಇರುವ ಕರೆಂಟ್ ಹುಟ್ಟುತ್ತದೆ. ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಹಾಗೆ ಬದಲಿಸುವುದು ರೆಕ್ಟಿಫೈಯರ್. ವೋಲ್ಟೇಜ್ ಮಿತಿ ಮೀರದಂತೆ ಹಿಡಿದಿಡುವುದು ರೆಗ್ಯುಲೇಟರ್. ಈಚಿನ ಎಂಜಿನ್‌ಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ ಇರುತ್ತವೆ. ಅಲ್ಲಿಂದ ಕೆಂಪು ವೈರು ಒಂದು ಫ್ಯೂಸ್ ದಾಟಿ ಬ್ಯಾಟರಿಯ ಪ್ಲಸ್‌ಗೆ ಹೋಗುತ್ತದೆ, ಕಪ್ಪು ವೈರು ಮೈನಸ್‌ಗೆ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್ ಸಾಕು. ಭಾರೀ ಬೆಲೆಯದ್ದೇನೂ ಬೇಡ, ಆದರೆ ಅದರೊಳಗಿನ ಸೆಲ್ ಹೊಸದಿರಲಿ. ಸೆಲ್ ವೀಕಾದ ಮೀಟರ್ ಸುಳ್ಳು ಹೇಳುತ್ತದೆ. ಜೊತೆಗೆ 10, 12, 13ರ ಸ್ಪ್ಯಾನರ್, ತಂತಿ ಬ್ರಷ್, ಎಮರಿ ಪೇಪರ್, ಅಡುಗೆ ಸೋಡಾ, ಸ್ವಲ್ಪ ವ್ಯಾಸಲೀನ್, ಇರುವ ಫ್ಯೂಸಿನ ಆಂಪಿಯರ್‌ನದ್ದೇ ಒಂದೆರಡು ಹೊಸ ಫ್ಯೂಸ್. ನೀರು ಹಾಕುವ ಬ್ಯಾಟರಿಯಾದರೆ ಗ್ರಾವಿಟಿ (ಆಸಿಡ್ಡಿನ ಸಾಂದ್ರತೆ) ನೋಡುವ ಹೈಡ್ರೋಮೀಟರ್ ಕೂಡ ಇರಲಿ. ನಿಮ್ಮ ಎಂಜಿನ್ನಿನ ಸರ್ವಿಸ್ ಪುಸ್ತಕ ಸಿಕ್ಕರೆ ಅರ್ಧ ಕೆಲಸ ಮುಗಿದ ಹಾಗೆ.

ಕೈ ಹಾಕುವ ಮುಂಚೆ

ಇದನ್ನು ದಯವಿಟ್ಟು ಹಾರಿಸಿ ಓದಬೇಡಿ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಪಕ್ಕದಲ್ಲೇ ಪೆಟ್ರೋಲ್ ಟ್ಯಾಂಕ್ ಇರುತ್ತದೆ. ಬೀಡಿ, ಸಿಗರೇಟ್ ದೂರ ಇರಲಿ. ಮುಚ್ಚಿದ ಜಾಗವಾದರೆ ಸ್ವಲ್ಪ ಹೊತ್ತು ಗಾಳಿಯಾಡಲು ಬಿಡಿ. ಉಂಗುರ, ಕಡಗ, ವಾಚ್ ಬಿಚ್ಚಿಡಿ. ಮೇಲಿನ ಕವರ್ ತೆಗೆದು ಎಂಜಿನ್ ಓಡಿಸುವಾಗ ಪಂಚೆ, ಟವೆಲ್, ಸಡಿಲ ತೋಳು ಫ್ಲೈವೀಲ್ ಹತ್ತಿರ ಹೋಗಬಾರದು. ಎಂಜಿನ್ ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗ ಚಾಲಕನ ಮೈಗೆ ಸಿಕ್ಕಿಸಿರಬೇಕು.

ದಡದಲ್ಲಿ ಒಣಗಿಸಿಟ್ಟು ಎಂಜಿನ್ ಶುರು ಮಾಡಲೇಬೇಡಿ. ನೀರಿಲ್ಲದೆ ಓಡಿದರೆ ನೀರೆತ್ತುವ ಇಂಪೆಲ್ಲರ್ ರಬ್ಬರ್ ಸ್ವಲ್ಪವೇ ಹೊತ್ತಿನಲ್ಲಿ ಸುಟ್ಟುಹೋಗುತ್ತದೆ.

ಇನ್ನೊಂದು ದೊಡ್ಡ ಎಚ್ಚರಿಕೆ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ವೈರು ಕಳಚಿ "ಚಾರ್ಜ್ ಬರ್ತಿದೆಯಾ" ಅಂತ ನೋಡುವ ಹಳೇ ಅಭ್ಯಾಸ ಕೆಲವರಿಗಿದೆ. ಔಟ್‌ಬೋರ್ಡ್‌ನಲ್ಲಿ ಇದನ್ನು ಮಾಡಿದರೆ ವೋಲ್ಟೇಜ್ ಒಮ್ಮೆಲೇ ಹಾರಿ ರೆಕ್ಟಿಫೈಯರಿನ ಡಯೋಡ್‌ಗಳು ಸುಡುತ್ತವೆ. ಓಡುವಾಗ ಬ್ಯಾಟರಿ ಮೇನ್ ಸ್ವಿಚ್ ಆಫ್ ಮಾಡಿದರೂ ಅದೇ ಕಥೆ. ಪ್ಲಸ್ ಮೈನಸ್ ಅದಲುಬದಲಾದರೆ ಒಂದು ಕ್ಷಣವೇ ಸಾಕು.

ಹಂತ 1: ನಿಮ್ಮ ಎಂಜಿನ್ ಚಾರ್ಜ್ ಮಾಡುತ್ತದೆಯೇ?

ವಿಚಿತ್ರ ಪ್ರಶ್ನೆ ಅನ್ನಿಸಬಹುದು. ಹಗ್ಗ ಎಳೆದು ಶುರು ಮಾಡುವ ಎಷ್ಟೋ ಸಣ್ಣ ಎಂಜಿನ್‌ಗಳಲ್ಲಿ ಚಾರ್ಜಿಂಗ್ ಇರುವುದೇ ಇಲ್ಲ. ಕೆಲವದರಲ್ಲಿ ಲೈಟಿಂಗ್ ಕಾಯಿಲ್ ಮಾತ್ರ ಇರುತ್ತದೆ. ಅದು ಬಲ್ಬಿಗೆ ಎ.ಸಿ. ಕೊಡುತ್ತದೆ, ಬ್ಯಾಟರಿಗೆ ಏನನ್ನೂ ಕೊಡುವುದಿಲ್ಲ. ಹಳೆಯ ಕೆಲವು ಎಂಜಿನ್‌ಗಳಲ್ಲಿ ರೆಕ್ಟಿಫೈಯರ್ ಇದ್ದು ರೆಗ್ಯುಲೇಟರ್ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ಮೊದಲು ತಿಳಿದುಕೊಳ್ಳಿ. ಸರ್ವಿಸ್ ಪುಸ್ತಕದಲ್ಲಿ ಚಾರ್ಜಿಂಗ್ ಎಷ್ಟು ಆಂಪಿಯರ್ ಅಂತ ಬರೆದಿರುತ್ತದೆ. ಆ ಅಂಕಿಯನ್ನು ಗುರುತು ಮಾಡಿಟ್ಟುಕೊಳ್ಳಿ, 6ನೇ ಹಂತದಲ್ಲಿ ಬೇಕಾಗುತ್ತದೆ.

ಹಂತ 2: ಸುಮ್ಮನಿರುವ ಬ್ಯಾಟರಿ

ರಾತ್ರಿಯೆಲ್ಲ ಸುಮ್ಮನಿದ್ದ ಬ್ಯಾಟರಿಯನ್ನು ಬೆಳಿಗ್ಗೆ ಅಳೆಯಿರಿ. ಮೀಟರ್ ಡಿ.ಸಿ. 20 ವೋಲ್ಟಿಗೆ ಇರಲಿ. ಈಗಷ್ಟೇ ಓಡಿಸಿ ಬಂದು ಅಳೆದರೆ ಮೇಲ್ಮೇಲಿನ ಚಾರ್ಜ್ ತೋರಿಸಿ ದಾರಿ ತಪ್ಪಿಸುತ್ತದೆ.

12.6ರಿಂದ 12.7 ಇದ್ದರೆ ಪೂರ್ತಿ ಚಾರ್ಜ್ ಆಗಿದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋಗಿದ್ದರೆ ಹೆಚ್ಚುಕಡಿಮೆ ಖಾಲಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಮುಂದಿನ ಯಾವ ಪರೀಕ್ಷೆ ಮಾಡಿದರೂ ಉತ್ತರ ತಪ್ಪೇ ಬರುತ್ತದೆ. ಮೊದಲು ಹೊರಗಿನ ಚಾರ್ಜರ್‌ನಲ್ಲಿ ಪೂರ್ತಿ ಚಾರ್ಜ್ ಮಾಡಿ, ಒಂದು ರಾತ್ರಿ ಬಿಟ್ಟು, ಮತ್ತೆ ಅಳೆಯಿರಿ.

ನೀರು ಹಾಕುವ ಬ್ಯಾಟರಿಯಾದರೆ ಆರೂ ಸೆಲ್‌ಗಳ ಗ್ರಾವಿಟಿ ನೋಡಿ. ಎಲ್ಲ ಒಂದೇ ಸಮ ಇರಬೇಕು. ಯಾವುದೋ ಒಂದು ಸೆಲ್ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿಯ ಆಯಸ್ಸು ಮುಗಿದಿದೆ, ಎಂಜಿನ್ನಿನದೇನೂ ತಪ್ಪಿಲ್ಲ.

ನಮ್ಮ ಕಡೆಯ ಒಂದು ಅಭ್ಯಾಸದ ಬಗ್ಗೆ ಹೇಳಲೇಬೇಕು. ಆಷಾಢದ ಮಳೆಗೆ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ ಅಲ್ವಾ. ಆಗ ಬೋಟಿನ ಬ್ಯಾಟರಿ ಮನೆಗೆ ಬಂದು ಲೈಟಿಗೂ ಮೊಬೈಲಿಗೂ ಸೇವೆ ಸಲ್ಲಿಸುತ್ತದೆ. ಸ್ಟಾರ್ಟಿಂಗ್ ಬ್ಯಾಟರಿಯ ಪ್ಲೇಟುಗಳು ತೆಳು. ಒಮ್ಮೆಲೇ ಜಾಸ್ತಿ ಕರೆಂಟ್ ಕೊಟ್ಟು ತಕ್ಷಣ ತುಂಬಿಕೊಳ್ಳಲು ಅದನ್ನು ಮಾಡಿರುವುದು. ಅದನ್ನು ತಳ ಕಾಣುವವರೆಗೆ ಬಳಸಿದರೆ ಕೆಲವೇ ಸಲಕ್ಕೆ ಸಾಯುತ್ತದೆ. ಮನೆಗೆ ಬೇರೆ ಬ್ಯಾಟರಿ ಇಟ್ಟುಕೊಳ್ಳಿ.

ಹಂತ 3: ಸೆಲ್ಫ್ ಹೊಡೆಯುವಾಗ

ಮೀಟರ್ ಬ್ಯಾಟರಿಯ ಮೇಲೇ ಇರಲಿ, ಇನ್ನೊಬ್ಬರು ಸೆಲ್ಫ್ ಒತ್ತಲಿ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಆಗ 9.6 ವೋಲ್ಟಿಗಿಂತ ಕೆಳಗೆ ಇಳಿಯಬಾರದು. 8ಕ್ಕೋ 7ಕ್ಕೋ ಬಿದ್ದರೆ ಬ್ಯಾಟರಿ ವೀಕು. ಬ್ಯಾಟರಿಯಲ್ಲಿ 12 ತೋರಿಸುತ್ತಾ ಟಕ್ ಅಂತ ಮಾತ್ರ ಸದ್ದು ಬಂದರೆ ಕರೆಂಟ್ ದಾರಿಯಲ್ಲೇ ನಿಂತಿದೆ. 5ನೇ ಹಂತ ನೋಡಿ.

ಹಂತ 4: ಎಂಜಿನ್ ಓಡುವಾಗ ಮೂರು ಅಳತೆ

ಇದಕ್ಕೆ ಇಬ್ಬರು ಬೇಕು. ಒಬ್ಬರು ಬೋಟ್ ನಡೆಸಲಿ, ಒಬ್ಬರು ಮೀಟರ್ ನೋಡಲಿ. ಲೈಫ್ ಜಾಕೆಟ್ ಇಬ್ಬರಿಗೂ. ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎಂಜಿನ್ ಕಿರುಚುವಂತೆ ರೇಸ್ ಮಾಡುವುದು ಒಳ್ಳೆಯದಲ್ಲ. ಬಯಲು ನೀರಿಗೆ ಹೋಗಿ ಗೇರಿನಲ್ಲೇ ಓಡಿಸಿ.

ಮೊದಲು ಐಡಲ್‌ನಲ್ಲಿ ಅಳೆಯಿರಿ, ಅಂದರೆ ಆಕ್ಸಿಲರೇಟರ್ ಕೊಡದೆ. ಆಮೇಲೆ ಸುಮಾರು 2500 ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ. ಕೊನೆಗೆ ಅದೇ ವೇಗದಲ್ಲಿ ಲೈಟ್, ಪಂಪ್ ಎಲ್ಲ ಹಾಕಿ.

ಐಡಲ್‌ನಲ್ಲಿ 12.6ರ ಆಸುಪಾಸಿನಲ್ಲೇ ಇದ್ದರೆ ಗಾಬರಿ ಬೇಡ, ಎಷ್ಟೋ ಔಟ್‌ಬೋರ್ಡ್‌ಗಳು ಐಡಲ್‌ನಲ್ಲಿ ಹೇಳಿಕೊಳ್ಳುವಷ್ಟು ಚಾರ್ಜ್ ಮಾಡುವುದಿಲ್ಲ. 2500ರಲ್ಲಿ 13.8ರಿಂದ 14.5ರ ಒಳಗೆ ಬಂದರೆ ಎಂಜಿನ್ನಿನ ಚಾರ್ಜಿಂಗ್ ಸರಿಯಾಗಿದೆ. ಆದರೂ ಬ್ಯಾಟರಿ ಇಳಿಯುತ್ತಿದೆ ಅಂದರೆ ನೇರ 6 ಮತ್ತು 9ನೇ ಹಂತಕ್ಕೆ ಹೋಗಿ. ವೇಗ ಕೊಟ್ಟರೂ ವೋಲ್ಟೇಜ್ ಏರದಿದ್ದರೆ 5, ಆಮೇಲೆ 7. ಹದಿನೈದು ದಾಟಿದರೆ 8.

ಆರ್‌ಪಿಎಂ ಮೀಟರ್ ಇರುವವರಿಗೆ ಪುಕ್ಕಟೆ ಸುಳಿವೊಂದಿದೆ. ಬಹಳಷ್ಟು ಔಟ್‌ಬೋರ್ಡ್‌ಗಳಲ್ಲಿ ಆ ಮೀಟರಿಗೆ ಸಿಗ್ನಲ್ ಬರುವುದು ಇದೇ ಚಾರ್ಜಿಂಗ್ ಕಾಯಿಲ್‌ನಿಂದ. ಮುಳ್ಳು ಸೊನ್ನೆಗೆ ಬಿದ್ದಿದ್ದರೆ, ಇಲ್ಲವೇ ಕುಣಿಯುತ್ತಿದ್ದರೆ ಅನುಮಾನ ಸ್ಟೇಟರ್, ರೆಗ್ಯುಲೇಟರ್ ಕಡೆಗೆ ಹೋಗಬೇಕು. ಮುಳ್ಳು ನೆಟ್ಟಗೆ ಕೆಲಸ ಮಾಡುತ್ತಾ ಬ್ಯಾಟರಿ ಮಾತ್ರ ಚಾರ್ಜ್ ಆಗದಿದ್ದರೆ ಮೊದಲು ಫ್ಯೂಸ್ ಮತ್ತು ಕೆಂಪು ವೈರು ನೋಡಿ.

ಹಂತ 5: ದಾರಿಯಲ್ಲಿ ಸೋರುವ ವೋಲ್ಟೇಜ್

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ, ಇದನ್ನೇ ಎಲ್ಲರೂ ಬಿಡುವುದು. ಸಮುದ್ರದ ಉಪ್ಪು ನಮ್ಮ ಹಿನ್ನೀರಿನಲ್ಲಿ ಇಲ್ಲ, ನಿಜ. ಆದರೆ ನಾಲ್ಕು ತಿಂಗಳ ಮಳೆ, ಅದರ ಥಂಡಿ, ಮೇಲೆ ಎಂಜಿನ್ನಿನ ನಡುಕ, ಇವು ಸೇರಿ ಟರ್ಮಿನಲ್‌ಗಳನ್ನು ತಿನ್ನುತ್ತವೆ.

ತೋಟದ ಸ್ಪ್ರಿಂಕ್ಲರ್ ಪೈಪಿನಲ್ಲಿ ಕಸ ಕಟ್ಟಿಕೊಂಡಾಗ ಏನಾಗುತ್ತದೆ? ಜೆಟ್ ಮುಚ್ಚಿದ್ದಾಗ ಪ್ರೆಷರ್ ಚೆನ್ನಾಗಿಯೇ ಇರುತ್ತದೆ, ನೀರು ಹರಿಯಲು ಬಿಟ್ಟ ಕೂಡಲೇ ಬಿದ್ದುಹೋಗುತ್ತದೆ. ವೈರೂ ಹಾಗೆಯೇ. ಕರೆಂಟ್ ಹರಿಯದಾಗ ಎರಡೂ ತುದಿಯಲ್ಲಿ 12.6 ತೋರಿಸುತ್ತದೆ. ಅದಕ್ಕೇ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು.

ಎಂಜಿನ್ 2500ರಲ್ಲಿ ಇರಲಿ, ಲೈಟ್ ಎಲ್ಲ ಹಾಕಿರಲಿ. ಮೀಟರಿನ ಕೆಂಪು ಮುಳ್ಳನ್ನು (ಅದರ ವೈರಿನ ತುದಿಯ ಚೂಪು ಕಡ್ಡಿ) ರೆಗ್ಯುಲೇಟರಿನ ಕೆಂಪು ವೈರಿನ ತುದಿಗೆ ಇಡಿ, ಕಪ್ಪು ಮುಳ್ಳನ್ನು ಬ್ಯಾಟರಿಯ ಪ್ಲಸ್ ಸೀಸದ ಕಂಬಕ್ಕೆ ಇಡಿ. ಕಂಬಕ್ಕೇ ಇಡಬೇಕು, ಅದಕ್ಕೆ ಸಿಕ್ಕಿಸಿದ ಕ್ಲ್ಯಾಂಪಿಗಲ್ಲ. ಮೀಟರ್ ತೋರಿಸುವುದು ಆ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. 0.3ರ ಒಳಗಿದ್ದರೆ ಪರವಾಗಿಲ್ಲ. ಮೈನಸ್ ಕಡೆಯೂ ಹಾಗೆಯೇ ಮಾಡಿ: ಎಂಜಿನ್ನಿನ ಬಣ್ಣವಿಲ್ಲದ ಲೋಹದ ಜಾಗದಿಂದ ಬ್ಯಾಟರಿಯ ಮೈನಸ್ ಕಂಬಕ್ಕೆ. ಇಲ್ಲಿ 0.2 ದಾಟಬಾರದು. ಸೆಲ್ಫ್ ತಿರುಗದ ತೊಂದರೆಯಾದರೆ, ಸೆಲ್ಫ್ ಒತ್ತಿದಾಗ ಬ್ಯಾಟರಿ ಪ್ಲಸ್ ಕಂಬದಿಂದ ಸ್ಟಾರ್ಟರಿನ ಬೋಲ್ಟಿಗೆ ಅಳೆಯಿರಿ. ಅಲ್ಲಿ ಅರ್ಧ ವೋಲ್ಟಿನವರೆಗೆ ಸರಿ.

ಜಾಸ್ತಿ ಬಂತೇ? ಒಂದೊಂದೇ ಜೋಡಣೆಯ ಆಚೆ ಈಚೆ ಮುಳ್ಳು ಇಡುತ್ತಾ ಬನ್ನಿ. ಕ್ಲ್ಯಾಂಪ್, ಮೇನ್ ಸ್ವಿಚ್, ಫ್ಯೂಸಿನ ಮನೆ, ಎಂಜಿನ್ ಮೇಲಿನ ಅರ್ಥ್ ಬೋಲ್ಟ್. ಎಲ್ಲಿ ಅಂಕಿ ಹಾರುತ್ತದೋ ಅಲ್ಲೇ ಕಳ್ಳ.

ಕಣ್ಣಿಗೆ ಕಾಣುವ ಹಸಿರು ಬಿಳಿ ಪುಡಿ ಸುಲಭ, ಕಂಡ ಕೂಡಲೇ ಕೈ ಹೋಗುತ್ತದೆ. ಕಾಡುವುದು ಕಾಣದ್ದು. ವೈರಿನ ತುದಿಗೆ ಒತ್ತಿ ಕೂರಿಸಿದ ಲಗ್ ಹೊರಗಿಂದ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಅದರ ಕುತ್ತಿಗೆಯ ರಬ್ಬರ್ ತೋಳನ್ನು ಬ್ಲೇಡಿನಿಂದ ಸೀಳಿ ಹಿಂದಕ್ಕೆ ಸರಿಸಿ ನೋಡಿ. ಒಳಗೆ ತಾಮ್ರದ ಎಳೆಗಳು ಕಪ್ಪಾಗಿ, ಉಗುರು ತಾಗಿದರೆ ಪುಡಿಯಾಗಿ ಉದುರುತ್ತವೆ. ನಾಲ್ಕಾರು ಎಳೆ ಮಾತ್ರ ಹಿಡಿದುಕೊಂಡಿರುತ್ತವೆ. ಬಲ್ಬ್ ಉರಿಯಲು ಅಷ್ಟು ಸಾಕು, ಸೆಲ್ಫ್ ತಿರುಗಿಸಲು ಸಾಲದು. ಇಂಥ ವೈರನ್ನು ಕೆರೆದು ರಿಪೇರಿ ಮಾಡಬೇಡಿ. ಕಪ್ಪು ಮುಗಿದು ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಹಾಕಿಸಿ. ಉದ್ದ ಸಾಲದಿದ್ದರೆ ವೈರನ್ನೇ ಬದಲಿಸಿ.

ಪುಡಿ ಕಟ್ಟಿದ ಟರ್ಮಿನಲ್‌ಗಳನ್ನು ಸೋಡಾ ಕರಗಿಸಿದ ನೀರಿನಿಂದ ತೊಳೆದು, ಒರೆಸಿ, ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ. ವ್ಯಾಸಲೀನ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಮುಂಚೆ ಅಲ್ಲ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ಕೈಯಲ್ಲೇ ತಿರುಗಿಸುವ ರೆಕ್ಕೆ ನಟ್ಟುಗಳಿದ್ದರೆ ತೆಗೆದುಹಾಕಿ, ನಡುಕಕ್ಕೆ ಸಡಿಲವಾಗುತ್ತವೆ. ನೈಲಾನ್ ಇರುವ ಲಾಕ್ ನಟ್ ಹಾಕಿ.

ಫ್ಯೂಸನ್ನು ಕಣ್ಣಿನಲ್ಲಿ ನೋಡಿ ಸರಿಯಿದೆ ಅನ್ನಬೇಡಿ, ತೆಗೆದು ಮೀಟರಿನಲ್ಲಿ ನೋಡಿ. ಫ್ಯೂಸ್ ಸುಟ್ಟಿದ್ದರೆ ತಂತಿ ಸುತ್ತಿ ಕೆಲಸ ಸಾಗಿಸುವುದು ಬೇಡವೇ ಬೇಡ. ಪೆಟ್ರೋಲ್ ಇರುವ ಬೋಟಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಜಾಗವಿಲ್ಲ.

ಹಂತ 6: ಆದಾಯ, ಖರ್ಚಿನ ಲೆಕ್ಕ

ಎಲ್ಲ ಸರಿಯಿದ್ದೂ ಬ್ಯಾಟರಿ ಇಳಿಯುತ್ತದೆಯೇ? ಹಾಗಾದರೆ ಎಂಜಿನ್ ಕೊಡುವುದಕ್ಕಿಂತ ನೀವು ಬಳಸುವುದು ಜಾಸ್ತಿ.

ಎಂಜಿನ್ ಪುಸ್ತಕದಲ್ಲಿ 10 ಆಂಪಿಯರ್ ಅಂತ ಬರೆದಿದ್ದರೆ ಅದು ಜೋರಾಗಿ ಓಡುವಾಗಿನ ಲೆಕ್ಕ. ಮೆಲ್ಲಗೆ ಹೋಗುವಾಗ ಎರಡೋ ಮೂರೋ ಸಿಕ್ಕರೆ ಪುಣ್ಯ. ನಮ್ಮ ಹಿನ್ನೀರಿನಲ್ಲಿ ಮೆಲ್ಲಗೆ ಹೋಗದೆ ವಿಧಿಯಿಲ್ಲ. ಲಿಂಗನಮಕ್ಕಿಯಲ್ಲಿ ನೀರು ನಿಂತದ್ದು 1964ರಲ್ಲಿ. ಆಗ ಮುಳುಗಿದ ಕಾಡಿನ ಬೊಡ್ಡೆಗಳು ಇವತ್ತಿಗೂ ಇವೆ. ಮಾರ್ಚ್, ಏಪ್ರಿಲ್‌ನಲ್ಲಿ ನೀರು ಇಳಿದಾಗ ಹೊನ್ನೇಮರಡು ಕಡೆಯಾಗಲಿ ತುಮರಿ ಕಡೆಯಾಗಲಿ ಬೊಡ್ಡೆಗಳ ನಡುವೆ ಕಣ್ಣಿಟ್ಟುಕೊಂಡು ನಿಧಾನವಾಗಿ ಸಾಗಬೇಕು. ಎಂಜಿನ್ ಗಂಟೆಗಟ್ಟಲೆ ಓಡಿರುತ್ತದೆ, ಬ್ಯಾಟರಿಗೆ ಸೇರಿದ್ದು ಅಷ್ಟಕ್ಕಷ್ಟೇ. ಬೇಸಿಗೆಯಲ್ಲಿ ಚಾರ್ಜ್ ತೊಂದರೆ ಜಾಸ್ತಿ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಒಂದು ಲೆಕ್ಕ ಹಾಕೋಣ. ಎಲ್‌ಇಡಿ ಲೈಟಿಗೆ 1 ಆಂಪಿಯರ್, ಮೀನು ತೋರಿಸುವ ಫಿಶ್ ಫೈಂಡರಿಗೆ 1, ಹಾಡಿನ ಸೆಟ್ಟು ಮತ್ತು ಮೊಬೈಲ್ ಚಾರ್ಜಿಂಗ್ ಸೇರಿ 4. ಒಟ್ಟು 6. ಎಂಜಿನ್ ಕೊಡುವುದು 2. ಗಂಟೆಗೆ 4 ಸಾಲ. ಐದು ಗಂಟೆಗೆ 20 ಆಂಪಿಯರ್-ಅವರ್. ನಿಮ್ಮ 60 ಆಂಪಿಯರ್-ಅವರ್ ಬ್ಯಾಟರಿಯ ಮೂರನೇ ಒಂದು ಪಾಲು ಒಂದೇ ದಿನದಲ್ಲಿ ಹೋಯಿತು.

ಪದೇ ಪದೇ ಸೆಲ್ಫ್ ಹೊಡೆಯುವುದರಿಂದ ಬ್ಯಾಟರಿ ಖಾಲಿಯಾಗುತ್ತದೆ ಅಂತ ಹೆದರುವವರಿದ್ದಾರೆ. ಸೆಲ್ಫ್ 150 ಆಂಪಿಯರ್ ಎಳೆದರೂ ಮೂರು ಸೆಕೆಂಡಿಗೆ ಆಗುವುದು 0.125 ಆಂಪಿಯರ್-ಅವರ್. ಇಪ್ಪತ್ತು ಸಲ ಹೊಡೆದರೂ ಎರಡೂವರೆ. ಹಾಡಿನ ಸೆಟ್ಟು ಇದಕ್ಕಿಂತ ಎಷ್ಟೋ ಪಾಲು ತಿನ್ನುತ್ತದೆ.

ಪರಿಹಾರ ಸರಳ. ದಿನ ಮುಗಿದ ಮೇಲೆ ದಡದಲ್ಲಿ ಚಾರ್ಜರಿಗೆ ಹಾಕಿ. ಹಾಡು, ಮೊಬೈಲಿಗೆ ಬೇರೆ ಬ್ಯಾಟರಿ ಇಡಿ.

ಹಂತ 7: ಸ್ಟೇಟರ್ ಮತ್ತು ರೆಕ್ಟಿಫೈಯರ್

ಬ್ಯಾಟರಿ, ವೈರು, ಫ್ಯೂಸ್ ಮೂರೂ ಸರಿ, ಆದರೂ ವೋಲ್ಟೇಜ್ ಏರುತ್ತಿಲ್ಲ ಅಂದಾಗ ಮಾತ್ರ ಇಲ್ಲಿಗೆ ಬನ್ನಿ.

ಎಂಜಿನ್ ನಿಲ್ಲಿಸಿ ಸ್ಟೇಟರಿನಿಂದ ರೆಗ್ಯುಲೇಟರಿಗೆ ಬರುವ ಪ್ಲಗ್ ಕಳಚಿ. ಈ ವೈರುಗಳು ಹೆಚ್ಚಾಗಿ ಹಳದಿ, ಯಮಹಾದಲ್ಲಿ ಸಾಮಾನ್ಯವಾಗಿ ಹಸಿರು. ಪ್ಲಗ್ ಕರಗಿದೆಯಾ, ಕಂದಿದೆಯಾ ನೋಡಿ. ಆಮೇಲೆ ಮೀಟರನ್ನು ಓಮ್ಸ್‌ಗೆ (ಕರೆಂಟಿಗೆ ಇರುವ ಅಡ್ಡಿಯ ಅಳತೆ) ಇಟ್ಟು ಎರಡು ವೈರುಗಳ ನಡುವೆ ಅಳೆಯಿರಿ. ಮೂರು ವೈರಿದ್ದರೆ ಮೂರೂ ಜೋಡಿ. ಬಹಳ ಕಡಿಮೆ ಬರುತ್ತದೆ, ಹೆಚ್ಚಾಗಿ ಒಂದು ಓಮಿನ ಆಸುಪಾಸು. ಸರಿಯಾದ ಅಂಕಿ ಪುಸ್ತಕದಲ್ಲಿರುತ್ತದೆ. ಮೂರೂ ಜೋಡಿ ಒಂದೇ ಸಮ ಇರಬೇಕು. ಆಮೇಲೆ ಒಂದೊಂದು ವೈರಿನಿಂದ ಎಂಜಿನ್ ಲೋಹಕ್ಕೆ ಅಳೆಯಿರಿ. ಅಲ್ಲಿ ಏನೂ ತೋರಿಸಬಾರದು. ತೋರಿಸಿದರೆ ಕಾಯಿಲ್ ಎಂಜಿನ್ ಲೋಹಕ್ಕೆ ತಾಗಿದೆ.

ಓಮ್ಸ್ ಸರಿಯಿದ್ದರೆ ಮೀಟರನ್ನು ಎ.ಸಿ. ವೋಲ್ಟಿಗೆ ಇಟ್ಟು, ಪ್ಲಗ್ ಕಳಚಿದ ಹಾಗೆಯೇ ಎಂಜಿನ್ ಓಡಿಸಿ ಅದೇ ಜೋಡಿಗಳನ್ನು ಅಳೆಯಿರಿ. ವೇಗ ಏರಿದಂತೆ ವೋಲ್ಟೇಜ್ ಏರಬೇಕು, ಎಲ್ಲ ಜೋಡಿಗಳೂ ಒಂದಕ್ಕೊಂದು ಹೊಂದಬೇಕು. ಒಂದು ಜೋಡಿ ಹಿಂದೆ ಬಿದ್ದರೆ ಸ್ಟೇಟರ್ ಹೋಗಿದೆ.

ಎಚ್ಚರ: ಎಷ್ಟೋ ಎಂಜಿನ್‌ಗಳಲ್ಲಿ ಅದೇ ಜಾಗದಲ್ಲಿ ಇಗ್ನಿಷನ್ ಕಾಯಿಲೂ ಇರುತ್ತದೆ, ಅಂದರೆ ಸ್ಪಾರ್ಕ್ ಪ್ಲಗ್ಗಿಗೆ ಕಿಡಿ ಕೊಡುವುದು. ಅದರ ವೈರಿನಲ್ಲಿ 200 ವೋಲ್ಟ್ ದಾಟುತ್ತದೆ. ಯಾವ ವೈರು ಯಾವುದು ಅಂತ ಖಚಿತವಾಗದೆ ಮುಟ್ಟಬೇಡಿ.

ರೆಕ್ಟಿಫೈಯರಿಗೆ ಮೀಟರಿನ ಡಯೋಡ್ ಗುರುತು ಬಳಸಿ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಾಗಿಲು. ಹಳದಿ ವೈರಿನಿಂದ ಕೆಂಪಿಗೆ ಒಂದು ಕಡೆ 0.4ರಿಂದ 0.7 ತೋರಿಸಬೇಕು, ಮುಳ್ಳು ಅದಲುಬದಲು ಮಾಡಿದರೆ ಏನೂ ತೋರಿಸಬಾರದು. ಎರಡೂ ಕಡೆ ಸೊನ್ನೆ ಬಂದರೆ ಶಾರ್ಟ್, ಎರಡೂ ಕಡೆ ಏನೂ ಬಾರದಿದ್ದರೆ ಕಡಿದಿದೆ. ಕಪ್ಪು ವೈರಿಗೂ ಇದೇ ಪರೀಕ್ಷೆ. ರೆಗ್ಯುಲೇಟರ್ ಸೇರಿರುವ ಡಬ್ಬಿಗಳಲ್ಲಿ ಈ ಪರೀಕ್ಷೆಯನ್ನೇ ನಂಬಿ ತೀರ್ಪು ಕೊಡಲಾಗದು. ಅಲ್ಲಿ ಸ್ಟೇಟರಿನ ಎ.ಸಿ. ಸರಿ, ವೈರು ಸರಿ, ಆದರೆ ಡಿ.ಸಿ. ಬರುತ್ತಿಲ್ಲ ಅಂದರೆ ಡಬ್ಬಿ ಹೋಗಿದೆ ಅಂತ ತೀರ್ಮಾನಿಸಬಹುದು.

ಬೈಕಿನ ರೆಗ್ಯುಲೇಟರ್ ತಂದು ಜೋಡಿಸಿಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಒಪ್ಪಬೇಡಿ. ತಾಳಿಕೊಳ್ಳುವ ಆಂಪಿಯರ್ ಬೇರೆ, ನೀರು ಒಳಗಿಳಿಯದಂತೆ ಮಾಡಿರುವ ರೀತಿಯೂ ಬೇರೆ. ಫ್ಲೈವೀಲ್ ಬಿಚ್ಚುವುದನ್ನು ಪುಲ್ಲರ್ ಮತ್ತು ಟಾರ್ಕ್ ರೆಂಚ್ ಇರುವ ಮೆಕ್ಯಾನಿಕ್‌ಗೆ ಬಿಡಿ. ಸುತ್ತಿಗೆಯಿಂದ ಹೊಡೆದು ತೆಗೆದರೆ ಅಯಸ್ಕಾಂತ ಒಡೆಯುತ್ತದೆ.

ಹಂತ 8: ವೋಲ್ಟೇಜ್ 15 ದಾಟಿದರೆ

ಕೊಳೆತ ಮೊಟ್ಟೆಯ ವಾಸನೆ, ಬ್ಯಾಟರಿ ಬಿಸಿಯಾಗಿ ನೀರು ಬೇಗ ಇಂಗುವುದು, ಬಲ್ಬ್ ಪದೇ ಪದೇ ಹೋಗುವುದು, ಇವು ಲಕ್ಷಣಗಳು. ಮೊದಲು ಬ್ಯಾಟರಿ ಟರ್ಮಿನಲ್ ಮತ್ತು ರೆಗ್ಯುಲೇಟರಿನ ಅರ್ಥ್ ಸಡಿಲವಾಗಿದೆಯಾ ನೋಡಿ, ಅದರಿಂದಲೂ ಹೀಗಾಗುತ್ತದೆ. ಅವು ಗಟ್ಟಿಯಿದ್ದರೆ ರೆಗ್ಯುಲೇಟರ್ ಹೋಗಿದೆ. ನೀರಿನ ಮಧ್ಯೆ ಇದ್ದರೆ ವೇಗ ಇಳಿಸಿ, ಲೈಟ್, ಪಂಪ್ ಹಾಕಿ ಹೊರೆ ಏರಿಸಿ, ದಡಕ್ಕೆ ಬನ್ನಿ. ಬ್ಯಾಟರಿ ಕಳಚಬೇಡಿ.

ರೆಗ್ಯುಲೇಟರೇ ಇಲ್ಲದ ಹಳೆಯ ಎಂಜಿನ್ನಿಗೆ ನೀರು ಹಾಕುವ ಬ್ಯಾಟರಿಯೇ ಸರಿ. ಮೇಂಟೆನೆನ್ಸ್ ಫ್ರೀ ಹಾಕಿದರೆ ಇಂಗಿದ ನೀರನ್ನು ಮತ್ತೆ ತುಂಬಲು ಆಗುವುದಿಲ್ಲ. ಲಿಥಿಯಂ ಬ್ಯಾಟರಿ ಬಗ್ಗೆಯೂ ಕೇಳುತ್ತಾರೆ. ಎಂಜಿನ್ ತಯಾರಕರು ಒಪ್ಪಿದ್ದರೆ ಮಾತ್ರ ಹಾಕಿ. ತುಂಬಿದಾಗ ಅದರೊಳಗಿನ ಕಾವಲು ಸರ್ಕ್ಯೂಟ್ ತಾನೇ ಕಡಿದುಕೊಂಡರೆ, ಓಡುವ ಎಂಜಿನ್ನಿನಿಂದ ಬ್ಯಾಟರಿ ಕಿತ್ತ ಹಾಗೇ ಆಗುತ್ತದೆ.

ಹಂತ 9: ನಿಂತಲ್ಲೇ ಇಳಿಯುವುದು

ಎಲ್ಲ ಸ್ವಿಚ್ ಆಫ್ ಮಾಡಿ. ಮೈನಸ್ ವೈರು ಕಳಚಿ, ಆ ವೈರಿಗೂ ಕಂಬಕ್ಕೂ ನಡುವೆ ಮೀಟರನ್ನು 10 ಆಂಪಿಯರ್ ತೂತಿನಲ್ಲಿ ಸೇರಿಸಿ. ಕೆಲವು ಮಿಲಿ ಆಂಪಿಯರ್ ಇದ್ದರೆ ಚಿಂತೆಯಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ, ಅಂಕಿ ಎಲ್ಲಿ ಬೀಳುತ್ತದೋ ಆ ಲೈನು ನೋಡಿ. ತಳದ ನೀರು ಹೊರಹಾಕುವ ಬಿಲ್ಜ್ ಪಂಪ್ ನೇರ ಬ್ಯಾಟರಿಗೇ ಸೇರಿರುತ್ತದೆ. ಅದರ ಫ್ಲೋಟ್ ಸ್ವಿಚ್ಚಿನಲ್ಲಿ ಕಸ ಸಿಕ್ಕಿದ್ದರೆ ಪಂಪ್ ಓಡುತ್ತಲೇ ಇರುತ್ತದೆ. ಮೀಟರ್ ಹೀಗೆ ಸೇರಿಸಿರುವಾಗ ಸೆಲ್ಫ್ ಹೊಡೆದರೆ ಮೀಟರ್ ಸುಡುತ್ತದೆ.

ನೀರಿನ ಮಧ್ಯೆ ಕೈಕೊಟ್ಟರೆ, ಮಳೆಗಾಲಕ್ಕೆ ಎತ್ತಿಟ್ಟರೆ

ಹಿನ್ನೀರಿನ ಒಳಗೆ ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇರುವುದಿಲ್ಲ. ಹಗ್ಗ ಸುತ್ತಿ ಶುರು ಮಾಡುವ ವ್ಯವಸ್ಥೆ ನಿಮ್ಮ ಎಂಜಿನ್ನಿನಲ್ಲಿದ್ದರೆ ದಡದಲ್ಲೇ ಒಮ್ಮೆ ಅಭ್ಯಾಸ ಮಾಡಿಟ್ಟುಕೊಳ್ಳಿ. ಪೆಟ್ರೋಲನ್ನು ಕರೆಂಟಿನಿಂದ ಸಿಂಪಡಿಸುವ ಇಂಜೆಕ್ಷನ್ ಎಂಜಿನ್‌ಗಳು ಬ್ಯಾಟರಿ ಪೂರ್ತಿ ಸತ್ತರೆ ಹಗ್ಗಕ್ಕೂ ಬಗ್ಗದಿರಬಹುದು. ಹಾಗಾಗಿ ಹುಟ್ಟು, ಹಗ್ಗ, ಲಂಗರು ಬೋಟಿನಲ್ಲಿರಲಿ.

ಜೂನ್‌ನಲ್ಲಿ ಬೋಟ್ ದಡಕ್ಕೆ ಎಳೆದಾಗ ಬ್ಯಾಟರಿ ಬೋಟಿನಲ್ಲೇ ಬಿಡಬೇಡಿ. ಮೊದಲು ಮೈನಸ್, ಆಮೇಲೆ ಪ್ಲಸ್ ಕಳಚಿ. ಜೋಡಿಸುವಾಗ ಪ್ಲಸ್ ಮೊದಲು. ಪೂರ್ತಿ ಚಾರ್ಜ್ ಮಾಡಿ, ಗಾಳಿಯಾಡುವ ಒಣ ಜಾಗದಲ್ಲಿಡಿ. ತಿಂಗಳಿಗೊಮ್ಮೆ ಅಳೆದು, 12.4ಕ್ಕಿಂತ ಇಳಿದಿದ್ದರೆ ಚಾರ್ಜರಿಗೆ ಹಾಕಿ. ಖಾಲಿಯಾಗಿಯೇ ಕೂತ ಬ್ಯಾಟರಿಯ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ.